ಸತ್ತ ಹಾರ್ಡ್ ಡಿಸ್ಕಿಗೆ ಜೋಡಿ ಹುಡುಕಿದ ಐದು ತಿಂಗಳು

ಮೇ ತಿಂಗಳ ಕೊನೆಯ ವಾರ. ಮುಂಗಾರಿಗೆ ಮೊದಲು ಬರುವ ಗುಡುಗಿನ ಮಳೆ. ಸಾಗರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಸಂಜೆ ಆರರ ಹೊತ್ತಿಗೆ ಟ್ರಾನ್ಸ್‌ಫಾರ್ಮರಿನ ಕಡೆ ಎಲ್ಲೋ ಸಿಡಿಲು ಬಡಿಯಿತು. ಮನೆಯ ದೀಪಗಳು ಒಮ್ಮೆ ಬೆಳ್ಳಗೆ ಉರಿದು ಆರಿಹೋದವು. ಮರುದಿನ ಕರೆಂಟು ಬಂದಾಗ ಸೆಟ್‌ಟಾಪ್ ಬಾಕ್ಸ್, ಮೋಡೆಮ್, ಕಂಪ್ಯೂಟರಿನ ಪವರ್ ಸಪ್ಲೈ ಮೂರೂ ಸುಟ್ಟಿದ್ದವು. ಅವು ಹೋದದ್ದಕ್ಕೆ ನನಗೆ ಬೇಸರವಾಗಲಿಲ್ಲ. ಬೇರೆ ಪವರ್ ಸಪ್ಲೈ ಹಾಕಿದ ಮೇಲೆ ಕಂಪ್ಯೂಟರ್ ಎದ್ದಿತು. ಆದರೆ ಒಳಗಿದ್ದ ಎರಡನೇ ಹಾರ್ಡ್ ಡಿಸ್ಕ್ ಏಳಲಿಲ್ಲ. ಅಂಗೈಯನ್ನು ಅದರ ಮೇಲಿಟ್ಟು ನೋಡಿದೆ. ತಿರುಗುವ ಡಿಸ್ಕಿಗೆ ಇರುವ ಆ ಸಣ್ಣ ಮಿಡಿತವೇ ಇರಲಿಲ್ಲ.

ಅದರೊಳಗೆ ಅಮ್ಮನ ದನಿ ಇತ್ತು. 2009ರಿಂದ 2015ರವರೆಗೆ ಅಮ್ಮ ಮತ್ತು ಕೇರಿಯ ಐದಾರು ಹೆಂಗಸರು ಹಾಡಿದ ಮದುವೆಯ ಹಾಡುಗಳು, ಆರತಿಯ ಹಾಡುಗಳು, ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಚಿತ್ತಾರ ಬರೆಯುತ್ತಾ ಹಾಡುವ ಪದಗಳು. ಒಟ್ಟು 312. ಅಮ್ಮ 2017ರಲ್ಲಿ ತೀರಿಕೊಂಡರು. ಹಾಡಿದವರಲ್ಲಿ ಈಗ ಇಬ್ಬರಷ್ಟೇ ಉಳಿದಿದ್ದಾರೆ. ಡಿವಿಡಿಗಳಲ್ಲಿ ಒಂದು ಪ್ರತಿ ಮಾಡಿಟ್ಟಿದ್ದೆ. ಮಲೆನಾಡಿನ ಏಳೆಂಟು ಮಳೆಗಾಲ ಕಂಡ ಆ ಡಿವಿಡಿಗಳನ್ನು ತೆಗೆದು ನೋಡಿದರೆ ಅಂಚಿನಿಂದ ಒಳಕ್ಕೆ ಬೂಷ್ಟು ಹಬ್ಬಿತ್ತು. ಒಂದೂ ಓದಲಿಲ್ಲ.

ಅಲ್ಲಿಂದ ಮುಂದಿನ ಐದು ತಿಂಗಳ ಕಥೆ ಇದು. ಮೊದಲ ವಾರದಲ್ಲೇ ಯಾರಾದರೂ ಇದನ್ನೆಲ್ಲ ನನಗೆ ಕನ್ನಡದಲ್ಲಿ ಬಿಡಿಸಿ ಹೇಳಿದ್ದರೆ ಎರಡು ತಿಂಗಳಾದರೂ ಉಳಿಯುತ್ತಿತ್ತು. ಡಿಸ್ಕ್ ಯಾವ ಕಂಪನಿಯದು ಎಂದು ಹೇಳುವುದಿಲ್ಲ. ಸಿಡಿಲಿಗೆ ಯಾವ ಕಂಪನಿಯದಾದರೂ ಒಂದೇ.

ಪೇಟೆಯ ಕಂಪ್ಯೂಟರ್ ಅಂಗಡಿಯವರು ಡಿಸ್ಕನ್ನು ತಿರುಗಿಸಿ ಹಿಂಭಾಗದ ಹಸಿರು ಬೋರ್ಡ್ ನೋಡಿ, "ಬೋರ್ಡ್ ಸುಟ್ಟಿದೆ, ಅದೇ ಮಾಡೆಲ್ಲಿನ ಇನ್ನೊಂದು ಡಿಸ್ಕ್ ತಂದು ಬೋರ್ಡ್ ಬದಲಾಯಿಸಿದರೆ ಆಯಿತು" ಎಂದರು. ಅವರಲ್ಲೇ 1 ಟಿಬಿಯ ಹಳೆಯದೊಂದು ಇತ್ತು. 900 ರೂಪಾಯಿ ಕೊಟ್ಟೆ. ನಕ್ಷತ್ರದ ತಲೆಯ ಐದಾರು ಸ್ಕ್ರೂ ಬಿಚ್ಚಿ ಬೋರ್ಡ್ ಬದಲಾಯಿಸುವುದಕ್ಕೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಕರೆಂಟು ಕೊಟ್ಟಾಗ ಡಿಸ್ಕ್ ತಿರುಗಿತು. ನನ್ನ ಕಣ್ಣು ತುಂಬಿತು. ಮರುಕ್ಷಣ ಒಳಗಿನಿಂದ ಟಕ್, ಟಕ್, ಟಕ್ ಎಂಬ ಸದ್ದು. ಎಂಟು ಸಲ ಬಡಿದು ಡಿಸ್ಕ್ ತಾನೇ ನಿಂತುಹೋಯಿತು. ಅಂಗಡಿಯವರು ಇನ್ನೊಮ್ಮೆ ಹಾಕೋಣ ಎಂದು ಕೈ ಚಾಚಿದರು. ನಾನು ವೈರು ಕಿತ್ತು ಡಿಸ್ಕನ್ನು ಎದೆಗವಚಿಕೊಂಡೆ. ಅದೊಂದು ಕೆಲಸವನ್ನು ಅವತ್ತು ಸರಿಯಾಗಿ ಮಾಡಿದೆ ಎಂದು ಮುಂದೆ ಗೊತ್ತಾಯಿತು.

ಬೋರ್ಡ್ ಬದಲಾಯಿಸಿದರೂ ಏಕೆ ಓದಲಿಲ್ಲ ಎಂಬುದನ್ನು ಇಲ್ಲೇ ಹೇಳುತ್ತೇನೆ. ಒಂದೇ ಮಾಡೆಲ್ಲಿನ ಎರಡು ಡಿಸ್ಕುಗಳು ಒಂದೇ ಅಲ್ಲ. ಕಾರ್ಖಾನೆಯಲ್ಲಿ ಪ್ರತಿ ಡಿಸ್ಕಿನ ದತ್ತಾಂಶ ಬರೆದಿಡುವ ತಟ್ಟೆಗಳನ್ನೂ ಅದನ್ನು ಓದುವ ಹೆಡ್ಡುಗಳನ್ನೂ ಅಳೆದು, ಎಷ್ಟು ಹೆಡ್ ಇವೆ, ಯಾವುದು ಯಾವ ಕ್ರಮದಲ್ಲಿದೆ, ಯಾವುದನ್ನು ಎಷ್ಟು ಸರಿಸಿ ಓದಬೇಕು ಎಂಬ ಲೆಕ್ಕವನ್ನು ಆ ಡಿಸ್ಕಿಗಷ್ಟೇ ಸೇರಿದಂತೆ ಬರೆದಿಡುತ್ತಾರೆ. ಈ ಲೆಕ್ಕದ ಒಂದು ಭಾಗ ತಟ್ಟೆಯ ಮೇಲಿನ 'ಸರ್ವೀಸ್ ಏರಿಯಾ' ಎಂಬ ಜಾಗದಲ್ಲಿರುತ್ತದೆ. ಇನ್ನೊಂದು ಭಾಗ ಬೋರ್ಡಿನ ಮೇಲಿನ ಎಂಟು ಕಾಲಿನ ಸಣ್ಣ ಚಿಪ್ಪಿನಲ್ಲಿರುತ್ತದೆ. ಅದನ್ನು ರಾಮ್ (ROM) ಚಿಪ್ ಎನ್ನುತ್ತಾರೆ. ಬೇರೆ ಬೋರ್ಡ್ ಹಾಕಿದರೆ ಬೇರೆ ಡಿಸ್ಕಿನ ಲೆಕ್ಕ ಹಿಡಿದು ಹೆಡ್ಡುಗಳು ತಡಕಾಡುತ್ತವೆ. ದಾರಿ ಸಿಗದೆ ಬಡಿಯುತ್ತವೆ. ಆದ್ದರಿಂದ ಬೋರ್ಡ್ ಬದಲಾಯಿಸುವುದೆಂದರೆ ಹಳೆಯ ಬೋರ್ಡಿನ ರಾಮ್ ಚಿಪ್ಪನ್ನು ಬಿಡಿಸಿ ಹೊಸ ಬೋರ್ಡಿಗೆ ಕೂರಿಸುವುದೂ ಸೇರಿದೆ. ಕೆಲವು ಬೋರ್ಡುಗಳಲ್ಲಿ ಆ ಚಿಪ್ಪಿನ ಜಾಗ ಖಾಲಿ ಇರುತ್ತದೆ. ಆಗ ಲೆಕ್ಕ ಮುಖ್ಯ ಪ್ರೊಸೆಸರಿನೊಳಗೇ ಇದೆ ಎಂದರ್ಥ. ಅದನ್ನು ವರ್ಗಾಯಿಸುವ ಕೆಲಸವನ್ನು ಕೆಟ್ಟ ಡಿಸ್ಕಿನಿಂದ ದತ್ತಾಂಶ ಹೊರತೆಗೆಯುವ ಲ್ಯಾಬಿನವರೇ ಮಾಡಬೇಕು. ಹಳೆಯ ಬೋರ್ಡ್ ಎಷ್ಟು ಸುಟ್ಟಿದ್ದರೂ ಎಸೆಯಬೇಡಿ, ಅಂಗಡಿಯವರ ಕೈಯಲ್ಲೂ ಬಿಟ್ಟು ಬರಬೇಡಿ. ಯುಎಸ್‌ಬಿ ವೈರಿನ ಕಿರು ಡಿಸ್ಕುಗಳಲ್ಲಿ ಇದು ಇನ್ನೂ ಮುಖ್ಯ. ಹಲವುಗಳ ಬೋರ್ಡಿನಲ್ಲೇ ದತ್ತಾಂಶಕ್ಕೆ ಬೀಗ ಹಾಕುವ ಚಿಪ್ ಇರುತ್ತದೆ. ಬೋರ್ಡ್ ಕಳೆದರೆ ಬೀಗದ ಕೈಯೇ ಕಳೆದಂತೆ.

ಸಿಡಿಲಿಗೆ ಸಿಕ್ಕ ಡಿಸ್ಕುಗಳಿಗೆ ಒಂದು ಸುಲಭದ ಸಾಧ್ಯತೆಯೂ ಇದೆ. ಡೆಸ್ಕ್‌ಟಾಪಿನ ದೊಡ್ಡ ಡಿಸ್ಕಿಗೆ 12 ವೋಲ್ಟ್ ಮತ್ತು 5 ವೋಲ್ಟ್ ಎರಡು ಸರಬರಾಜು. ಎರಡಕ್ಕೂ ಕನೆಕ್ಟರಿನ ಹತ್ತಿರ ಕಾವಲು ಡಯೋಡುಗಳಿರುತ್ತವೆ. ಹೆಚ್ಚಿನ ವೋಲ್ಟೇಜ್ ಬಂದಾಗ ಅವು ತಾವು ಶಾರ್ಟ್ ಆಗಿ ಉಳಿದದ್ದನ್ನು ಕಾಯುತ್ತವೆ. ಮಲ್ಟಿಮೀಟರ್ ಸೊನ್ನೆ ತೋರಿಸಿ, ಬೇರೇನೂ ಸುಟ್ಟಿಲ್ಲದಿದ್ದರೆ, ಆ ಡಯೋಡನ್ನು ತೆಗೆದು ಒಳ್ಳೆಯ ಪವರ್ ಸಪ್ಲೈಗೆ ಹಾಕಿ ಒಮ್ಮೆ ನಕಲು ಮಾಡಿಕೊಳ್ಳುವಷ್ಟು ಹೊತ್ತು ಓಡಿಸಬಹುದು. ನನ್ನ ಹಳೆಯ ಬೋರ್ಡಿನಲ್ಲಿ 12 ವೋಲ್ಟಿನ ಡಯೋಡ್ ಶಾರ್ಟ್ ಆಗಿತ್ತು. ಇಷ್ಟೇ ಇರಲಿ ಎಂದು ಬೇಡಿಕೊಂಡೆ. ಆಮೇಲೆ ಭೂತಗನ್ನಡಿ ಹಿಡಿದು ನೋಡಿದಾಗ ಮೋಟಾರು ನಡೆಸುವ ಚಿಪ್ಪಿನ ಬೆನ್ನಲ್ಲಿ ರಾಗಿ ಕಾಳಿಗಿಂತ ಸಣ್ಣ ತೂತು ಕಂಡಿತು. ಸುತ್ತ ಕಂದು ಬಣ್ಣದ ಉಂಗುರ. ಮೂಗಿನ ಹತ್ತಿರ ತಂದರೆ ಇನ್ನೂ ಸುಟ್ಟ ವಾಸನೆ.

ಹೊಸ ಬೋರ್ಡ್ ಬೇಕೇ ಬೇಕು ಎಂದು ಖಚಿತವಾಯಿತು. ಆದರೆ ಅಂಗಡಿಯಲ್ಲಿ ಕೊಂಡದ್ದರ ಬೋರ್ಡ್ ನಂಬರೂ ನನ್ನದೂ ಬೇರೆ ಬೇರೆ. ಮಾಡೆಲ್ ಒಂದೇ, ಗಾತ್ರ ಒಂದೇ, ಬೋರ್ಡಿನ ಮೇಲೆ ಅಚ್ಚಾದ ಸಂಖ್ಯೆಯ ಕೊನೆಯ ಮೂರು ಅಂಕಿಗಳಲ್ಲಿ ವ್ಯತ್ಯಾಸ. ಬೋರ್ಡಿಗೆ ಬೋರ್ಡ್ ಹುಡುಕುವಾಗ ಮೊದಲು ನೋಡಬೇಕಾದದ್ದು ಆ ಸಂಖ್ಯೆಯನ್ನು, ಸ್ಟಿಕ್ಕರಿನ ಮೇಲಿನ ಮಾಡೆಲ್ಲನ್ನಲ್ಲ.

ಜೂನ್ ಮೂರನೇ ವಾರ ತಾಳಗುಪ್ಪದಿಂದ ಬರುವ ರಾತ್ರಿ ರೈಲನ್ನು ಸಾಗರ ಜಂಬಗಾರು ನಿಲ್ದಾಣದಲ್ಲಿ ಹಿಡಿದು ಬೆಂಗಳೂರಿಗೆ ಹೋದೆ. ಮೆಜೆಸ್ಟಿಕ್ಕಿನಿಂದ ಚಿಕ್ಕಪೇಟೆಗೆ ಮೆಟ್ರೋ, ಅಲ್ಲಿಂದ ನಡೆದರೆ ಕಂಪ್ಯೂಟರ್ ಬಿಡಿಭಾಗಗಳ ಪೇಟೆಯಾದ ಎಸ್.ಪಿ. ರಸ್ತೆ. ಹತ್ತೂವರೆಗೆ ಮೊದಲು ಹೋಗಿ ಪ್ರಯೋಜನವಿಲ್ಲ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ರಸ್ತೆಯ ಮುಖದ ಅಂಗಡಿಗಳಲ್ಲಿ ಹೊಸ ಸಾಮಾನು. ನಮಗೆ ಬೇಕಾದದ್ದು ಒಳಗಿನ ಸಂದಿಗಳಲ್ಲಿ, ಮೆಟ್ಟಿಲು ಹತ್ತಿ ಹೋಗುವ ಕೋಣೆಗಳಲ್ಲಿ. ತರಕಾರಿಯ ಪ್ಲಾಸ್ಟಿಕ್ ಕ್ರೇಟುಗಳಲ್ಲಿ ಹಾರ್ಡ್ ಡಿಸ್ಕುಗಳನ್ನು ನಿಲ್ಲಿಸಿ ತುಂಬಿರುತ್ತಾರೆ. ನೀವು ಕೇಳುವ ಮೊದಲೇ ಅವರು ಕೇಳುವುದು "ಎಷ್ಟು ಟಿಬಿ?" ಎಂದು. ಅದಕ್ಕೆ ಉತ್ತರ ಕೊಟ್ಟರೆ ಯಾವುದೋ ಒಂದು ಡಿಸ್ಕ್ ಕೈಗೆ ಬರುತ್ತದೆ. "ಡೋನರ್ ಬೇಕು, ಬೋರ್ಡ್ ನಂಬರ್ ಇದು" ಎಂದು ಫೋಟೋ ತೋರಿಸಿದ ಮೇಲೆ ಮಾತಿನ ಧಾಟಿ ಬದಲಾಗುತ್ತದೆ. ಬಿಡಿಭಾಗ ತೆಗೆದುಕೊಳ್ಳಲು ಬೇಕಾದ ಜೋಡಿ ಡಿಸ್ಕಿಗೆ ಡೋನರ್ ಎನ್ನುತ್ತಾರೆ. ಹದಿನಾಲ್ಕನೇ ಅಂಗಡಿಯಲ್ಲಿ, ಡಿಸ್ಕಿಲ್ಲದ ಬರಿಯ ಬೋರ್ಡುಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದ ಹುಡುಗನೊಬ್ಬ ನನ್ನ ಸಂಖ್ಯೆಯದನ್ನೇ ಹೊರತೆಗೆದ. 600 ರೂಪಾಯಿ.

ರಾಮ್ ಚಿಪ್ ವರ್ಗಾಯಿಸಿದ್ದು ಅದೇ ಕಟ್ಟಡದ ಮೇಲಿನ ಮೊಬೈಲ್ ದುರಸ್ತಿಯವರು. ನಾನು ಅವರ ಹೆಗಲ ಪಕ್ಕ ನಿಂತು ನೋಡಿದೆ. ಮೊದಲು ಚಿಪ್ಪಿನ ಮೂಲೆಯ ಚುಕ್ಕೆ ಯಾವ ಕಡೆ ಇದೆ ಎಂದು ಫೋಟೋ ತೆಗೆದರು. ಆ ಚುಕ್ಕೆಯೇ ಮೊದಲನೇ ಕಾಲಿನ ಗುರುತು, ಉಲ್ಟಾ ಕೂರಿಸಿದರೆ ಎಲ್ಲ ಮುಗಿದಂತೆ. ಸುತ್ತಲಿನ ಬಿಡಿಭಾಗಗಳಿಗೆ ಹಳದಿ ಟೇಪು ಸುತ್ತಿ, ಫ್ಲಕ್ಸ್ ಸವರಿ, ಬಿಸಿ ಗಾಳಿಯ ಕೊಳವೆಯನ್ನು ಚಿಪ್ಪಿನ ಮೇಲೆ ವೃತ್ತಾಕಾರವಾಗಿ ಆಡಿಸಿದರು. ಬೆಸುಗೆ ಮಂಜಿನಂತೆ ಮಸುಕಾಗಿದ್ದದ್ದು ಒಮ್ಮೆಲೇ ಕನ್ನಡಿಯಂತೆ ಹೊಳೆಯಿತು. ಅದೇ ಕ್ಷಣಕ್ಕೆ ಚಿಮಟದಿಂದ ಎತ್ತಿದರು. ಅಕ್ಕಿಕಾಳಿನಷ್ಟು ದೊಡ್ಡ ಕಪ್ಪು ಚೂರು. ಅಮ್ಮನ ದನಿಗೆ ದಾರಿ ಹೇಳುವ ಲೆಕ್ಕ ಚಿಮಟದ ತುದಿಯಲ್ಲಿ ಗಾಳಿಯಲ್ಲಿ ಇತ್ತು. ನಾನು ಉಸಿರು ಬಿಡಲಿಲ್ಲ. ಹತ್ತು ನಿಮಿಷದ ಕೆಲಸಕ್ಕೆ 300 ರೂಪಾಯಿ ತೆಗೆದುಕೊಂಡರು. ನಾನು ಇನ್ನೂ ಕೊಡುತ್ತಿದ್ದೆ.

ಅಲ್ಲೇ ಒಮ್ಮೆ ಕರೆಂಟು ಕೊಟ್ಟೆವು. ತಿರುಗಿತು. ಮತ್ತೆ ಟಕ್, ಟಕ್, ಟಕ್. ಮೂರನೆಯದಕ್ಕೇ ವೈರು ಕಿತ್ತೆ.

ರಾತ್ರಿ ರೈಲಿನಲ್ಲಿ ವಾಪಸು ಬರುವಾಗ ನಿದ್ದೆ ಬರಲಿಲ್ಲ. ಈ ಹಂತದಲ್ಲಿ ಎಲ್ಲರೂ ಸಲಹೆ ಕೊಡುತ್ತಾರೆ. ಫ್ರಿಜ್ಜಿನಲ್ಲಿಡು ಎಂದರು. ಮೆತ್ತಗೆ ಕುಟ್ಟು ಎಂದರು. ಮುಚ್ಚಳ ತೆಗೆದು ಹೆಡ್ಡನ್ನು ಕೈಯಿಂದ ಸರಿಸು ಎಂದು ವಿಡಿಯೋ ಕಳಿಸಿದರು. ದಯವಿಟ್ಟು ಯಾವುದನ್ನೂ ಮಾಡಬೇಡಿ. ಫ್ರಿಜ್ಜಿನಿಂದ ಹೊರತೆಗೆದ ಡಿಸ್ಕಿನ ತಟ್ಟೆಗಳ ಮೇಲೆ ತೇವ ಕಟ್ಟುತ್ತದೆ, ನಮ್ಮ ಕಡೆಯ ಹವೆಯಲ್ಲಂತೂ ಹೇಳುವುದೇ ಬೇಡ. ಹೆಡ್ ತಟ್ಟೆಯ ಮೇಲೆ ಹಾರುವ ಎತ್ತರ ಕೆಲವೇ ನ್ಯಾನೋಮೀಟರ್. ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್. ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗುತ್ತಿರುತ್ತದೆ. ಆ ವೇಗದಲ್ಲಿ ಬೆರಳಚ್ಚು, ಧೂಳಿನ ಕಣ, ಹೊಗೆಯ ಕಣ ಯಾವುದು ಎದುರಾದರೂ ಬಂಡೆಗೆ ಗುದ್ದಿದ ಹಾಗೆ. ಒಮ್ಮೆ ತಟ್ಟೆಯ ಲೇಪನ ಗೀರಿಹೋದರೆ ಜಗತ್ತಿನ ಯಾವ ಡೋನರ್ ಭಾಗವೂ ಅದನ್ನು ತುಂಬಿಕೊಡುವುದಿಲ್ಲ.

ಜುಲೈನಲ್ಲಿ ಎರಡು ಲ್ಯಾಬುಗಳಿಗೆ ಹೋದೆ. ಮೊದಲನೆಯವರು ಡಿಸ್ಕನ್ನು ಕೈಗೆತ್ತಿಕೊಳ್ಳದೆ 65,000 ರೂಪಾಯಿ ಎಂದರು. ಅರ್ಧ ಮುಂಗಡ, ಸಿಗದಿದ್ದರೂ ಮುಂಗಡ ವಾಪಸಿಲ್ಲ. ಎದ್ದು ಬಂದೆ. ಎರಡನೆಯವರು 1,500 ರೂಪಾಯಿ ತಪಾಸಣೆಗೆ ತೆಗೆದುಕೊಂಡು ನನ್ನೆದುರೇ ಪಿಸಿ-3000 ಎಂಬ ಉಪಕರಣಕ್ಕೆ ಜೋಡಿಸಿದರು. ರಷ್ಯಾದಲ್ಲಿ ಹುಟ್ಟಿ ಈಗ ಎಲ್ಲ ಕಡೆಯ ಲ್ಯಾಬುಗಳಲ್ಲಿ ಇರುವ ಉಪಕರಣ ಅದು. ರಾಮ್ ಸರಿಯಾಗಿ ಓದುತ್ತಿದೆ, ಬೋರ್ಡ್ ಸರಿಯಾಗಿದೆ, ಆದರೆ ಒಂದು ಹೆಡ್ಡೂ ಸರ್ವೀಸ್ ಏರಿಯಾವನ್ನು ಓದುತ್ತಿಲ್ಲ ಎಂದರು. ಹೆಡ್ಡುಗಳ ತೋಳಿನ ಮೇಲೆ ಅವುಗಳ ಸಂಕೇತವನ್ನು ಹಿಗ್ಗಿಸುವ ಪ್ರಿಆಂಪ್ ಎಂಬ ಸಣ್ಣ ಚಿಪ್ ಇರುತ್ತದೆ. ಸಿಡಿಲು ಬೋರ್ಡನ್ನು ಸುಟ್ಟು ಅಲ್ಲಿಗೆ ನಿಲ್ಲದೆ ಒಳಗೂ ಹೋಗಿ ಅದನ್ನು ಸುಟ್ಟಿತ್ತು. ಅದೊಂದನ್ನೇ ಬದಲಾಯಿಸಲು ಬರುವುದಿಲ್ಲ. ತೋಳು, ಹೆಡ್ಡುಗಳು, ಪ್ರಿಆಂಪ್ ಎಲ್ಲ ಸೇರಿದ ಇಡೀ ಜೋಡಣೆಯನ್ನು ಇನ್ನೊಂದು ಓಡುವ ಡಿಸ್ಕಿನಿಂದ ತೆಗೆದು ಹಾಕಬೇಕು. "ಡೋನರ್ ತಂದುಕೊಡಿ, ಮಾಡಿಕೊಡುತ್ತೇವೆ. ನಾವೇ ಹುಡುಕಿದರೆ ಯಾವಾಗ ಸಿಗುತ್ತದೆ ಎಂದು ಹೇಳಲಾರೆವು" ಎಂದರು. ಕೆಲಸಕ್ಕೆ 26,000 ಮತ್ತು ಜಿಎಸ್‌ಟಿ. ಏನೂ ಸಿಗದಿದ್ದರೆ ತಪಾಸಣೆಯ ಹಣ ಬಿಟ್ಟು ಬೇರೇನೂ ಇಲ್ಲ. ಅದನ್ನು ಬರೆದು ಕೊಡಿ ಎಂದೆ, ಬರೆದುಕೊಟ್ಟರು. ಜಾಬ್ ಶೀಟಿನಲ್ಲಿ ಡಿಸ್ಕಿನ ಸೀರಿಯಲ್ ನಂಬರ್ ಬರೆಸಿಕೊಳ್ಳುವುದನ್ನೂ ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳುವುದನ್ನೂ ಮರೆಯಬೇಡಿ.

ಬೋರ್ಡಿಗೆ ಜೋಡಿ ಹುಡುಕುವುದೇ ಕಷ್ಟ ಎಂದುಕೊಂಡಿದ್ದವನಿಗೆ ಹೆಡ್ಡಿಗೆ ಜೋಡಿ ಹುಡುಕುವುದು ಏನೆಂದು ಆಮೇಲೆ ತಿಳಿಯಿತು. ಎಂಜಿನಿಯರ್ ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಮಾಡೆಲ್ ಸಂಖ್ಯೆ ಪೂರ್ತಿ, ಅಡ್ಡಗೆರೆಯ ನಂತರದ ಅಕ್ಷರಗಳೂ ಸೇರಿ. ಫರ್ಮ್‌ವೇರ್, ಅಂದರೆ ಡಿಸ್ಕನ್ನು ನಡೆಸುವ ಅದರೊಳಗಿನ ತಂತ್ರಾಂಶದ ಆವೃತ್ತಿ. ತಯಾರಾದ ದೇಶ. ತಯಾರಾದ ದಿನಾಂಕ, ಒಂದೆರಡು ತಿಂಗಳ ಅಂತರದಲ್ಲಿ ಇದ್ದಷ್ಟೂ ಒಳ್ಳೆಯದು. ಕೊನೆಯದಾಗಿ, ಲೇಬಲ್ಲಿನಲ್ಲಿ ಕಾಣದ ಒಂದು ವಿಷಯ: ಹೆಡ್ಡುಗಳ ಸಂಖ್ಯೆ ಮತ್ತು ಕ್ರಮ. ನನ್ನದರಲ್ಲಿ ಎರಡು ತಟ್ಟೆ, ನಾಲ್ಕು ಹೆಡ್. ಅದೇ ಮಾಡೆಲ್ಲಿನ ಇನ್ನೊಂದರಲ್ಲಿ ಮೂರೇ ಇರಬಹುದು.

ಲೇಬಲ್ ಓದುವ ರೀತಿ ಕಂಪನಿಯಿಂದ ಕಂಪನಿಗೆ ಬೇರೆ. ವೆಸ್ಟರ್ನ್ ಡಿಜಿಟಲ್ ಡಿಸ್ಕುಗಳಲ್ಲಿ ಡಿಸಿಎಂ ಎಂಬ ಅಕ್ಷರಸಾಲು ಇರುತ್ತದೆ, ಒಳಗೆ ಯಾವ ಬಗೆಯ ಭಾಗಗಳಿವೆ ಎಂಬುದಕ್ಕೆ ಅದು ಸುಳಿವು. ಸೀಗೇಟಿನಲ್ಲಿ ಸೈಟ್ ಕೋಡ್ ನೋಡಬೇಕು: ಟಿಕೆ ಎಂದರೆ ಥಾಯ್ಲೆಂಡ್, ಡಬ್ಲ್ಯುಯು ಎಂದರೆ ಚೀನಾದ ವುಶಿ, ಎಸ್‌ಯು ಎಂದರೆ ಸುಝೌ. ಸೀಗೇಟಿನ ಹಳೆಯ ಡಿಸ್ಕುಗಳ ದಿನಾಂಕದ ಅಂಕಿಗಳಲ್ಲಿ ಹಲವರು ಎಡವುತ್ತಾರೆ. 12043 ಎಂದಿದ್ದರೆ 2012ರ ಜನವರಿ ಎಂದು ತಿಳಿಯುತ್ತಾರೆ. ಅದು ಕಂಪನಿಯ 2012ರ ಹಣಕಾಸು ವರ್ಷದ ನಾಲ್ಕನೇ ವಾರದ ಮೂರನೇ ದಿನ. ಆ ವರ್ಷ ಶುರುವಾಗುವುದು ಜುಲೈಯಲ್ಲಿ. ಹಾಗಾಗಿ ಅದು 2011ರ ಜುಲೈ. ಹೀಲಿಯಂ ತುಂಬಿದ ದೊಡ್ಡ ಡಿಸ್ಕುಗಳದ್ದು ಬೇರೆಯೇ ಕಥೆ, ಅವುಗಳನ್ನು ತೆರೆಯುವ ಲ್ಯಾಬುಗಳೇ ಕಡಿಮೆ.

ನನ್ನ ಡಿಸ್ಕ್ 2011ರ ಡಿಸೆಂಬರಿನಲ್ಲಿ ಮಲೇಷ್ಯಾದಲ್ಲಿ ತಯಾರಾದದ್ದು. ಆ ವರ್ಷ ಥಾಯ್ಲೆಂಡಿನ ಪ್ರವಾಹದಲ್ಲಿ ಕಾರ್ಖಾನೆಗಳು ಮುಳುಗಿ ಹಾರ್ಡ್ ಡಿಸ್ಕುಗಳ ಬೆಲೆ ಏರಿದ ಸಮಯ. ಐದು ಸಾವಿರಕ್ಕೂ ಹೆಚ್ಚು ಕೊಟ್ಟು ಕೊಂಡಿದ್ದ ನೆನಪಿದೆ. ಹನ್ನೆರಡು ವರ್ಷ ಹಳೆಯದಾದ, ಇನ್ನೂ ಓಡುತ್ತಿರುವ, ಅದೇ ತಿಂಗಳ, ಅದೇ ದೇಶದ ಒಂದು ಡಿಸ್ಕನ್ನು ಎಲ್ಲಿಂದ ತರುವುದು?

ಏಳು ವಾರ ಹುಡುಕಿದೆ. ಎಸ್.ಪಿ. ರಸ್ತೆಗೆ ಮತ್ತೆ ಹೋದಾಗ ವಯಸ್ಸಾದ ಅಂಗಡಿಯವರೊಬ್ಬರು ಮೊರದಷ್ಟು ಜಾಗ ಮಾಡಿಕೊಟ್ಟು "ಕೂತು ನೋಡಿಕೊಳ್ಳಿ" ಎಂದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೊಂದೇ ಡಿಸ್ಕ್ ಎತ್ತಿ, ಧೂಳು ಒರೆಸಿ, ಲೇಬಲ್ ಓದಿ, ಪಕ್ಕಕ್ಕಿಟ್ಟೆ. ಬೆರಳ ತುದಿಗಳು ಕಪ್ಪಾದವು. ನನ್ನ ಮಾಡೆಲ್ಲಿನವು ಎರಡು ಸಿಕ್ಕವು. ಒಂದು ಏಳು ತಿಂಗಳು ತಡವಾದದ್ದು, ಥಾಯ್ಲೆಂಡಿನದು. ಇನ್ನೊಂದು ಮಲೇಷ್ಯಾದ್ದೇ, ಫೆಬ್ರುವರಿ 2012. ಅದನ್ನು 1,100 ರೂಪಾಯಿಗೆ ಕೊಂಡು ಲ್ಯಾಬಿಗೆ ಓಡಿದೆ. ಜೋಡಿಸಿ ನೋಡಿದ ಎಂಜಿನಿಯರ್ ತಲೆಯಾಡಿಸಿದರು. ಮೂರು ಹೆಡ್. ಹೊಂದದಿದ್ದರೆ ವಾಪಸು ಎಂದು ಅಂಗಡಿಯವರಿಂದ ಬಿಲ್ಲಿನ ಹಿಂದೆ ಬರೆಸಿಕೊಂಡಿದ್ದೆ. ಅವರು ಮರುಮಾತಾಡದೆ ಹಣ ಕೊಟ್ಟರು. ಈ ಒಂದು ಸಾಲು ಬರೆಸಿಕೊಳ್ಳದೆ ಡೋನರ್ ಕೊಳ್ಳಬೇಡಿ.

ಆನ್‌ಲೈನಿನಲ್ಲಿ ತರಿಸಿದ್ದು ಬಂದಾಗ ಲೇಬಲ್ ಹೊಸದಾಗಿ ಫಳಫಳ ಹೊಳೆಯುತ್ತಿತ್ತು. ಹಳೆಯ ಡಿಸ್ಕಿಗೆ ಹೊಸ ಲೇಬಲ್ ಅಚ್ಚು ಹಾಕಿಸಿ ಅಂಟಿಸಿ ಮಾರುವ ದಂಧೆ ಇದೆ. ಲೇಬಲ್ಲಿನ ಸೀರಿಯಲ್ ನಂಬರೂ ಕಂಪ್ಯೂಟರಿಗೆ ಜೋಡಿಸಿದಾಗ ಡಿಸ್ಕ್ ತಾನೇ ಹೇಳುವ ನಂಬರೂ ಒಂದೇ ಇರಬೇಕು. ಇದರಲ್ಲಿ ಎರಡೂ ಬೇರೆ. ವಾಪಸು ಕಳಿಸಿದೆ. ವಿದೇಶದಲ್ಲಿ ಡೋನರ್ ಡಿಸ್ಕುಗಳನ್ನೇ ಮಾರುವವರಿದ್ದಾರೆ, ಅವರ ಪಟ್ಟಿಯಲ್ಲಿ ನನ್ನದಕ್ಕೆ ಹೊಂದುವುದೂ ಇತ್ತು. ಸಾಗಣೆ, ಸುಂಕ ಸೇರಿಸಿದರೆ ಲ್ಯಾಬಿನ ಖರ್ಚಿಗೆ ಸಮೀಪ ಬರುತ್ತಿತ್ತು. ಕೈಬಿಟ್ಟೆ.

ಆಗಸ್ಟ್ ಕೊನೆಗೆ ಭರವಸೆ ಹೋಗಿತ್ತು. ಭೂಮಿ ಹುಣ್ಣಿಮೆಯ ಹೊತ್ತಿಗೆ ಆ ಹಾಡುಗಳನ್ನು ಮನೆಯಲ್ಲಿ ಕೇಳಿಸಬೇಕು ಎಂದು ಚಿಕ್ಕಮ್ಮನಿಗೆ ಮಾತು ಕೊಟ್ಟಿದ್ದೆ. ಉಳಿದಿರುವ ಇಬ್ಬರು ಹಾಡುಗಾರ್ತಿಯರಲ್ಲಿ ಅವರೊಬ್ಬರು. ಲೇಬಲ್ಲಿನ ಫೋಟೋವನ್ನು ನೆಂಟರಿಗೆ, ಗೆಳೆಯರಿಗೆ, ಹಳೆಯ ಸಹಪಾಠಿಗಳಿಗೆ ಎಲ್ಲರಿಗೂ ಕಳಿಸಿ "2012ರ ಆಸುಪಾಸಿನಲ್ಲಿ ಕೊಂಡ ಕಂಪ್ಯೂಟರ್ ಇದ್ದರೆ ಒಮ್ಮೆ ತೆರೆದು ನೋಡಿ" ಎಂದು ಬೇಡಿಕೊಂಡೆ. ಕಚೇರಿ, ಶಾಲೆ, ಮುದ್ರಣಾಲಯಗಳು ಕಂಪ್ಯೂಟರುಗಳನ್ನು ಒಟ್ಟಿಗೆ ಕೊಳ್ಳುತ್ತವೆ, ಹತ್ತು ವರ್ಷ ಬಿಡದೆ ಬಳಸುತ್ತವೆ. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಹನ್ನೊಂದು ದಿನದ ಮೇಲೆ ಹುಬ್ಬಳ್ಳಿಯಿಂದ ಫೋಟೋ ಬಂತು. ಮಾಡೆಲ್ ಪೂರ್ತಿ ಅದೇ. ಮಲೇಷ್ಯಾ. ದಿನಾಂಕ ನನ್ನದಕ್ಕಿಂತ ಒಂಬತ್ತು ದಿನ ಈಚೆಗೆ.

ಶಿರಸಿಯ ಮೇಲೆ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋದೆ. ಸಣ್ಣ ಡಿಟಿಪಿ ಮುದ್ರಣಾಲಯ. ಯಜಮಾನರಿಗೆ ಅರವತ್ತು ದಾಟಿದೆ. 2012ರಲ್ಲಿ ಐದು ಕಂಪ್ಯೂಟರ್ ಒಟ್ಟಿಗೆ ಕೊಂಡಿದ್ದರಂತೆ, ಎರಡು ಉಳಿದಿವೆ. ಆ ಡಿಸ್ಕ್ ಮೂಲೆಯಲ್ಲಿ ಬಿದ್ದದ್ದಲ್ಲ. ಅವರು ದಿನವೂ ಕೆಲಸ ಮಾಡುವ ಯಂತ್ರದಲ್ಲಿತ್ತು. ಪರದೆಯ ಮೇಲೆ ಲಗ್ನಪತ್ರಿಕೆಯೊಂದು ಅರ್ಧ ಆಗಿ ನಿಂತಿತ್ತು. ನಾನು ವಿಷಯ ಹೇಳಿದೆ. ಹೆಡ್ ತೆಗೆದ ಮೇಲೆ ಈ ಡಿಸ್ಕ್ ಮತ್ತೆ ಓಡುವುದಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನದು ಚೆನ್ನಾಗಿ ಓಡುತ್ತಿದೆಯಲ್ಲ. ಅದನ್ನು ಕೊಂದು ನಿಮ್ಮದನ್ನು ಬದುಕಿಸಬೇಕೇ?" ಎಂದು ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ಅವರು ಕೇಳಿದ್ದು ನ್ಯಾಯವಾಗಿತ್ತು. ಹನ್ನೆರಡು ವರ್ಷದ ಊರಿನ ಮದುವೆಗಳು, ಗೃಹಪ್ರವೇಶಗಳು, ಶ್ರದ್ಧಾಂಜಲಿಯ ಹಾಳೆಗಳು, ಜಾತ್ರೆಯ ಭಿತ್ತಿಪತ್ರಗಳು ಅದರಲ್ಲಿದ್ದವು. ಡೋನರ್ ಎಂಬ ಮಾತನ್ನು ಎಷ್ಟೋ ವಾರಗಳಿಂದ ಬಿಡಿಭಾಗದ ಹೆಸರಿನಂತೆ ಆಡುತ್ತಿದ್ದೆ. ಆ ಮಾತಿಗೆ ದಾನಿ ಎಂಬ ಅರ್ಥವಿದೆ ಎಂಬುದು ಆ ಕುರ್ಚಿಯಲ್ಲಿ ಕೂತಾಗ ಮನಸ್ಸಿಗೆ ತಟ್ಟಿತು.

ಎರಡು ದಿನ ಯೋಚಿಸಿ ಅವರೇ ಫೋನು ಮಾಡಿದರು. ದುಡ್ಡು ಬೇಡ. ತಮ್ಮ ಫೈಲುಗಳೆಲ್ಲ ಹೊಸ ಡಿಸ್ಕಿಗೆ ಹೋಗಿ ಎಲ್ಲವೂ ತೆರೆಯುತ್ತವೆ ಎಂದು ತಾವೇ ನೋಡಬೇಕು. ಕೆಲಸ ಮುಗಿದ ಮೇಲೆ ಖಾಲಿಯಾದ ಡಿಸ್ಕನ್ನು ತಮಗೇ ವಾಪಸು ಕೊಡಬೇಕು. 3,900 ರೂಪಾಯಿಯ ಹೊಸ 1 ಟಿಬಿ ಡಿಸ್ಕ್ ಕೊಂಡು ಮತ್ತೆ ಹೋದೆ. 540 ಜಿಬಿ ಇತ್ತು, ಹಳೆಯ ಯುಎಸ್‌ಬಿ ಕಿಂಡಿ, ಐದು ಗಂಟೆಗೂ ಹೆಚ್ಚು ಹಿಡಿಯಿತು. ಅಷ್ಟು ಹೊತ್ತೂ ಅವರು ಹಳೆಯ ಫೈಲುಗಳನ್ನು ತೆರೆದು ತೋರಿಸುತ್ತಾ, ಯಾರ ಮನೆಯ ಮದುವೆ, ಆ ದಂಪತಿಗೆ ಈಗ ಎಷ್ಟು ಮಕ್ಕಳು ಎಂದು ಹೇಳುತ್ತಿದ್ದರು.

ಲ್ಯಾಬಿನಲ್ಲಿ ನಿರೀಕ್ಷಿಸದ ಅಡ್ಡಿ ಬಂತು. ಡೋನರ್ ಡಿಸ್ಕಿನಲ್ಲಿ ಇನ್ನೊಬ್ಬರ ದತ್ತಾಂಶ ಇದೆ, ಮಾಲೀಕರ ಒಪ್ಪಿಗೆ ಪತ್ರ ಇಲ್ಲದೆ ತೆರೆಯುವುದಿಲ್ಲ ಎಂದರು. ಮುದ್ರಣಾಲಯದ ಲೆಟರ್‌ಹೆಡ್ಡಿನಲ್ಲಿ, ಡಿಸ್ಕಿನ ಸೀರಿಯಲ್ ನಂಬರ್ ಸಹಿತ, ಈ ಕೆಲಸಕ್ಕಾಗಿ ಕೊಟ್ಟಿದ್ದೇನೆ, ಹಾಳಾಗುತ್ತದೆ ಎಂಬುದು ಗೊತ್ತಿದೆ ಎಂದು ಬರೆಸಿ, ಗುರುತಿನ ಚೀಟಿಯ ಪ್ರತಿಯೊಂದಿಗೆ ತರಿಸಬೇಕಾಯಿತು. ಅಂಚೆಯಲ್ಲಿ ಆರು ದಿನ ಹೋಯಿತು. ಆಗ ಸಿಟ್ಟು ಬಂದಿತ್ತು. ಈಗ ಅವರು ಮಾಡಿದ್ದು ಸರಿ ಎನಿಸುತ್ತದೆ. ನೀವು ಪರಿಚಿತರಿಂದ ಡೋನರ್ ಪಡೆದರೆ ಪತ್ರವನ್ನು ಅದೇ ದಿನ ಬರೆಸಿಕೊಂಡು ಬನ್ನಿ.

ಕಸಿ ಮಾಡಿದ ದಿನ ಗಾಜಿನ ಈಚೆ ನಿಂತು ನೋಡಲು ಬಿಟ್ಟರು. ಗಾಳಿಯನ್ನು ಸೋಸಿ ಒಂದೇ ಕಡೆಗೆ ಹರಿಸುವ ಪೆಟ್ಟಿಗೆಯಂಥ ಮೇಜು. ಮೊದಲು ನನ್ನ ಡಿಸ್ಕಿನ ಮುಚ್ಚಳ ತೆಗೆದು ಟಾರ್ಚನ್ನು ಓರೆಯಾಗಿ ಹಿಡಿದು ತಟ್ಟೆಯನ್ನು ನಿಧಾನ ತಿರುಗಿಸಿ ನೋಡಿದರು. ಉಂಗುರದಂಥ ಗೀರು ಇದ್ದರೆ ಅಲ್ಲಿಗೇ ಕಥೆ ಮುಗಿಯುತ್ತಿತ್ತು. ಅವರು ನನ್ನ ಕಡೆ ತಿರುಗಿ ಹೆಬ್ಬೆರಳು ಎತ್ತಿದರು. ತಟ್ಟೆ ಕನ್ನಡಿಯಾಗಿತ್ತು. ಅವತ್ತು ವೈರು ಕಿತ್ತದ್ದು ನೆನಪಾಯಿತು. ಡೋನರಿನ ಹೆಡ್ಡುಗಳ ನಡುವೆ ಬಾಚಣಿಗೆಯಂಥ ತೆಳು ಉಪಕರಣವನ್ನು ಸರಿಸಿ, ಅವು ಒಂದಕ್ಕೊಂದು ತಾಗದಂತೆ ಎತ್ತಿಹಿಡಿದು, ತೋಳನ್ನು ತಟ್ಟೆಯ ಅಂಚಿನಿಂದ ಆಚೆಗೆ ತಿರುಗಿಸಿ ಹೊರತೆಗೆದರು. ಅದನ್ನೇ ನನ್ನದರೊಳಗೆ ಇಳಿಸಿ, ಬಾಚಣಿಗೆಯನ್ನು ಎಳೆದುಕೊಳ್ಳುವ ಆ ಒಂದು ಕ್ಷಣಕ್ಕೆ ಅವರ ಕೈ ಎಷ್ಟು ನಿಧಾನವಾಯಿತೆಂದರೆ ನಿಂತೇ ಹೋಯಿತು ಎನಿಸಿತು. ಎಲ್ಲ ಸೇರಿ ನಲವತ್ತು ನಿಮಿಷ. ಕರೆಂಟು ಕೊಟ್ಟಾಗ ತಿರುಗುವ ಸದ್ದು, ಆಮೇಲೆ ಒಂದು ಮೃದುವಾದ ಕುಟುಕು, ಆಮೇಲೆ ಮೌನ. ಪರದೆಯ ಮೇಲೆ ಡಿಸ್ಕಿನ ಹೆಸರು ಬಂತು.

ಆದರೆ ಹೆಸರು ಬಂದರೆ ಎಲ್ಲವೂ ಬಂದಂತಲ್ಲ. ಬೇರೆ ಡಿಸ್ಕಿನ ಹೆಡ್ಡುಗಳು ಎಷ್ಟು ದಿನ ಬಾಳುತ್ತವೆ ಎಂದು ಯಾರೂ ಹೇಳಲಾರರು. 1 ಟಿಬಿ ಎಂದರೆ 195 ಕೋಟಿ 35 ಲಕ್ಷ 25 ಸಾವಿರದ 168 ಸೆಕ್ಟರುಗಳು. ಅವುಗಳನ್ನು ಸಾಲಾಗಿ ಓದುತ್ತಾ ಹೋದರೆ ಬೇಡದ್ದನ್ನು ಓದುವಾಗಲೇ ಹೆಡ್ ಸಾಯಬಹುದು. ಹಾಗಾಗಿ ಯಾವ ಫೋಲ್ಡರ್ ಮೊದಲು ಬೇಕು ಎಂದು ಲ್ಯಾಬಿನವರಿಗೆ ಬರೆದುಕೊಡಿ. ಅಮ್ಮನ ಹಾಡುಗಳ ಫೋಲ್ಡರ್ ಇದ್ದ ಜಾಗವನ್ನು ಮೊದಲ ದಿನವೇ ಓದಿದರು. ಉಳಿದದ್ದಕ್ಕೆ ಒಂಬತ್ತು ದಿನ ಹಿಡಿಯಿತು. ನಾಲ್ಕರಲ್ಲಿ ಮೂರು ಹೆಡ್ಡುಗಳು ಚೆನ್ನಾಗಿ ಓದಿದವು. ಒಂದು ಮಾತ್ರ ಬಿಸಿಯಾದಂತೆ ತಡವರಿಸುತ್ತಿತ್ತು, ಅದಕ್ಕೆ ನಡುನಡುವೆ ವಿಶ್ರಾಂತಿ ಕೊಡಬೇಕಾಯಿತು.

312 ಹಾಡುಗಳಲ್ಲಿ 301 ಕಲೆಯಿಲ್ಲದೆ ಬಂದವು. ನಾಲ್ಕು ತೆರೆಯಲೇ ಇಲ್ಲ. ಏಳರಲ್ಲಿ ಅಲ್ಲಲ್ಲಿ ಸಣ್ಣ ತೂತುಗಳಿವೆ. ಕುಗ್ಗಿಸದ ವೇವ್ ಫೈಲುಗಳಾಗಿ ಇಟ್ಟಿದ್ದು ಇಲ್ಲಿ ಕೈಹಿಡಿಯಿತು. ಅದರಲ್ಲಿ ಒಂದು ಸೆಕ್ಟರ್ ಹೋದರೆ ಕಳೆಯುವುದು ಸೆಕೆಂಡಿನ ಸಾವಿರದಲ್ಲಿ ಮೂರು ಪಾಲಿನಷ್ಟು ದನಿ. ಒಂದು ಪಟ್ಟನೆಯ ಸದ್ದು, ಅಷ್ಟೇ, ಅಮ್ಮ ಮುಂದಿನ ಸಾಲಿಗೆ ಹೋಗಿರುತ್ತಾರೆ.

ಖರ್ಚಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಬೇಡದ ಮೊದಲ ಡಿಸ್ಕಿಗೆ 900, ಬೋರ್ಡಿಗೆ 600, ರಾಮ್ ಚಿಪ್ ವರ್ಗಾವಣೆಗೆ 300, ತಪಾಸಣೆಗೆ 1,500, ಲ್ಯಾಬಿನ ಕೆಲಸಕ್ಕೆ 26,000, ಅದರ ಮೇಲೆ ಶೇ. 18ರ ಜಿಎಸ್‌ಟಿ 4,680, ಮುದ್ರಣಾಲಯದ ಹೊಸ ಡಿಸ್ಕಿಗೆ 3,900, ನನ್ನ ದತ್ತಾಂಶ ತುಂಬಿಸಿಕೊಳ್ಳಲು ಹೊಸದಕ್ಕೆ 4,200. ಒಟ್ಟು 42,080. ಓಡಾಟದ ಖರ್ಚು ಬೇರೆ. ಈಗ ಹಾಡುಗಳ ಮೂರು ಪ್ರತಿಗಳಿವೆ, ಒಂದು ಮನೆಯಲ್ಲಿ, ಒಂದು ಬೆಂಗಳೂರಿನ ತಂಗಿಯ ಮನೆಯಲ್ಲಿ, ಇನ್ನೊಂದು ಆನ್‌ಲೈನಿನಲ್ಲಿ. ಗುಡುಗಿದರೆ ಕಂಪ್ಯೂಟರಿನ ಪ್ಲಗ್ಗನ್ನು ಗೋಡೆಯಿಂದಲೇ ಕಿತ್ತಿಡುತ್ತೇನೆ.

ಭೂಮಿ ಹುಣ್ಣಿಮೆಗೆ ಹಾಡುಗಳು ಕೈಗೆ ಸಿಗಲಿಲ್ಲ, ಕೆಲವು ದಿನ ತಡವಾಯಿತು. ದೀಪಾವಳಿಗೆ ಮೊದಲು ಚಿಕ್ಕಮ್ಮನ ಮನೆಗೆ ಲ್ಯಾಪ್‌ಟಾಪ್ ಒಯ್ದು ತೆರೆಯದೇ ಹೋದ ನಾಲ್ಕು ಹಾಡುಗಳ ಹೆಸರು ಓದಿದೆ. ಎರಡು ಅವರಿಗೆ ಬರುತ್ತದೆ. ಒಂದರ ಮೊದಲ ನುಡಿ ಮಾತ್ರ ನೆನಪಿದೆ. ಇನ್ನೊಂದು ಅಮ್ಮನಿಗಷ್ಟೇ ಬರುತ್ತಿತ್ತು ಎಂದರು.

ಹೆಡ್ ತೆಗೆದ ಡೋನರ್ ಡಿಸ್ಕನ್ನು ಲ್ಯಾಬಿನವರು ಸ್ಕ್ರೂ ಹಾಕಿ ಮುಚ್ಚಿ ಕೊಟ್ಟಿದ್ದರು. ಅದಕ್ಕೆ ಹತ್ತಿಬಟ್ಟೆ ಸುತ್ತಿ, ಚಿಕ್ಕಮ್ಮ ಚಿತ್ತಾರ ಬರೆದುಕೊಟ್ಟ ಸಣ್ಣ ಬುಟ್ಟಿಯಲ್ಲಿಟ್ಟು, ಮೂವತ್ತು ಹಾಡುಗಳ ಒಂದು ಪೆನ್‌ಡ್ರೈವ್ ಜೊತೆಗಿಟ್ಟು, ಕಳೆದ ಸೋಮವಾರ ಹುಬ್ಬಳ್ಳಿಗೆ ಕೊರಿಯರ್ ಮಾಡಿದೆ. ಗುರುವಾರ ತಲುಪಿತೆಂದು ಫೋನು ಬಂತು. ಹಿಂದೆ ಮುದ್ರಣ ಯಂತ್ರದ ಸದ್ದಿನ ನಡುವೆ ಹಾಡು ಕೇಳಿಸುತ್ತಿತ್ತು.